ಇಂಗ್ಲೆಂಡಿನ ಹಳ್ಳಿ ದಾರಿ, ಬೀರೂರಿನ ಹಾರನ್

ಮೂವತ್ತು ವರ್ಷ ಬಾಡಿಗೆ ಕಾರು ಓಡಿಸಿದವನ ಹತ್ರ ಜನ ಬಂದು ಕೇಳೋದು ಒಂದೇ, ದಾರಿ. ಬೀರೂರು ಸ್ಟೇಷನ್ ಎದುರು ಸ್ಟ್ಯಾಂಡಲ್ಲಿ ನನ್ನ ಕಾರು ನಿಲ್ತಿತ್ತು. ನನ್ನಾಕೆ ತೀರಿಹೋಗಿ ಹತ್ತು ತಿಂಗಳಾಯ್ತು. ಅವತ್ತಿಂದ ಕಾರಿಗೆ ಟಾರ್ಪಾಲು ಹೊದಿಸಿ ಮನೆ ಪಕ್ಕ ನಿಲ್ಲಿಸಿದ್ದೆ. ಓಡಿಸೋ ಮನಸ್ಸಿರಲಿಲ್ಲ. ಆದ್ರೂ ಕೇಳೋರು ಬಿಡಲ್ಲ. ಕೇಳಿದ ಮೇಲೆ ಏನಾದ್ರೊಂದು ಆಗದೆ ಇರಲ್ಲ.

1. ಒಳ್ಳೆ ರಸ್ತೆ

ಇದು ಅವಳು ಇದ್ದಾಗಿನದು. ಗಂಡ ಹೆಂಡ್ತಿ ರೈಲು ಇಳಿದು ಬಂದ್ರು. ಹೊಸದಾಗಿ ಮದುವೆ ಆದೋರು. ಹೆಬ್ಬೆ ಫಾಲ್ಸ್ ಕಡೆ ಹೋಗ್ಬೇಕು, ಸೀನರಿ ಇರೋ ಒಳ್ಳೆ ರಸ್ತೇಲಿ ಕರ್ಕೊಂಡು ಹೋಗಿ ಅಂದ್ರು. ನನಗೆ ತಿಳಿದ ಒಳ್ಳೆ ರಸ್ತೆ ಅಂದ್ರೆ ಗುಂಡಿ ಇಲ್ಲದ ರಸ್ತೆ. ತರೀಕೆರೆ ತನಕ ಹೊಸ ಡಾಂಬರಿನ ಮೇಲೆ ಒಂದು ಕುಲುಕು ಇಲ್ಲದಂಗೆ ಬಿಟ್ಟೆ.

ಆ ಹುಡುಗಿ ಕೇಳಿದ್ಲು. "ಅಂಕಲ್, ಸೀನರಿ ಎಲ್ಲಿ?"

"ಸೀನರಿ ನೋಡ್ತಾ ಕೂತ್ರೆ ಗುಂಡಿ ಯಾರಮ್ಮ ನೋಡೋದು?" ಅಂದೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಅಜ್ಜಂಪುರದೋಳು, ಬಾಯಿ ಜೋರು.

"ಹೆಣ್ಣು ನೋಡೋಕೆ ಬಂದಾಗ್ಲೂ ಹಿಂಗೇ ಮಾಡಿದ್ರಿ ಕಣ್ರೀ. ನಾನು ಕಾಫಿ ತಂದು ನಿಂತಿದೀನಿ, ನೀವು ನಮ್ಮನೆ ಮುಂದಿನ ಮೋರಿ ನೋಡ್ತಾ ಕಾರು ಹೆಂಗೆ ಹಿಂದಕ್ಕೆ ತೆಗೀಲಿ ಅಂತಿದ್ರಿ!"

2. ನಕ್ಷೆ

ನನ್ನ ನಾದಿನಿ ಮಗಳು ನರ್ಸು. ನಮ್ಮನೇಲೇ ಇದ್ದು ಓದಿದ್ಲು. ನಮಗೆ ಮಕ್ಕಳಿಲ್ಲ, ಅವಳೇ ಮಗಳು. ಈಗ ಇಂಗ್ಲೆಂಡಲ್ಲಿ ಇದಾಳೆ. ಹೋದ ವಾರ ಫೋನ್ ಮಾಡಿ ಅತ್ತಳು.

"ದೊಡ್ಡಪ್ಪ, ಬರೋ ಸೋಮವಾರದಿಂದ ಹಳ್ಳಿ ಮೇಲೆ ಕೆಲಸ. ಮನೆಮನೆಗೆ ಹೋಗಿ ವಯಸ್ಸಾದೋರ ಗಾಯಕ್ಕೆ ಪಟ್ಟಿ ಕಟ್ಟಬೇಕು. ಕಾರು ಓಡಿಸಿದ್ರೆ ಕೆಲಸ, ಇಲ್ಲದಿದ್ರೆ ಇಲ್ಲ. ಲೈಸೆನ್ಸ್ ಇದೆ. ಒಬ್ಳೇ ಕೂತು ಓಡಿಸೋಕೆ ಹೆದರಿಕೆ."

ಜೊತೆ ಕೆಲಸ ಮಾಡೋಳು ಇವಳಿಗೆ ಹೇಳಿದ್ಲಂತೆ, ಶನಿವಾರ ಆ ಹಳ್ಳಿಗಳ ಮೇಲೇ ಒಂದು ಸುತ್ತು ಹಾಕು, ಚೆಂದದ ದಾರಿ ಆರಿಸ್ಕೋ, ಹೆದರಿಕೆ ಹೋಗುತ್ತೆ ಅಂತ. "ಆ ದಾರಿ ನೀವೇ ಬರೆದುಕೊಡಿ ದೊಡ್ಡಪ್ಪ. ನೀವು ಹೇಳಿದ್ರೆ ನನಗೆ ಧೈರ್ಯ."

ನಕ್ಷೆ ಫೋನಿಗೆ ಬಂತು. ನನ್ನ ಕಣ್ಣಿಗೆ ಇರುವೆ ಸಾಲು. ಕಡೂರಿಗೆ ಬಸ್ಸಲ್ಲಿ ಹೋಗಿ, ತಾಲ್ಲೂಕು ಆಫೀಸಿನ ಹತ್ರ ಇರೋ ಜೆರಾಕ್ಸ್ ಅಂಗಡೀಲಿ ದೊಡ್ಡ ಹಾಳೆ ಮೇಲೆ ತೆಗೆಸಿದೆ. ಅಂಗಡಿಯೋನು ದಿನಾ ಜಮೀನಿನ ನಕ್ಷೆ ನೋಡೋನು. ಹಾಳೆ ತಿರುಗಿಸಿ ಮುರುಗಿಸಿ ನೋಡ್ದ.

"ಯಾವ ಊರಿಂದು ಯಜಮಾನ್ರೇ?"

"ಇಂಗ್ಲೆಂಡಿಂದು ಕಣಪ್ಪ."

ಅವನು ತಲೆ ಅಲ್ಲಾಡಿಸಿ ಹಾಳೆ ಸುತ್ತಿ ಕೊಟ್ಟ. "ಎಲ್ಲಿಂದಾದ್ರೂ ಆಗ್ಲಿ, ಸರ್ವೆ ನಂಬರ್ ಇಲ್ಲ. ತಹಶೀಲ್ದಾರ್ರು ಒಪ್ಪಲ್ಲ."

3. ಸ್ಟ್ಯಾಂಡಿನ ಸಭೆ

ಒಬ್ಬನಿಗೇ ತಲೆ ಓಡಲಿಲ್ಲ. ಹತ್ತು ತಿಂಗಳ ಮೇಲೆ ಸ್ಟ್ಯಾಂಡಿಗೆ ಹೋದೆ. ಅಲ್ಲಿ ನಿಂತಿದ್ದ ಒಂದು ಕಾರಿನ ಬಾನೆಟ್ ಮೇಲೆ ನಕ್ಷೆ ಹಾಸಿ ನಾಲ್ಕು ಮೂಲೆಗೆ ಟೀ ಗ್ಲಾಸು ಇಟ್ವಿ. ಡ್ರೈವರುಗಳು ಸುತ್ತ ನಿಂತ್ರು. ಹೆಂಡತಿ ವಿಷಯ ಯಾರೂ ಎತ್ತಲಿಲ್ಲ. ಒಬ್ಬ ಇನ್ನೊಂದು ಟೀ ತಂದಿಟ್ಟ, ಅಷ್ಟೇ.

"ಪಂಚರ್ ಅಂಗಡಿ ಎಲ್ಲೈತೆ?" ಅಂದ ಆಟೋದವನು.

"ಗೊತ್ತಿಲ್ಲ."

"ಮಧ್ಯಾಹ್ನ ಊಟಕ್ಕೆ ಯಾರ ಮನೆ?" ಅಂದ ಇನ್ನೊಬ್ಬ.

"ಅಲ್ಲಿ ನಮ್ಮೋರು ಯಾರೂ ಇಲ್ಲ."

"ನಮ್ಮೋರು ಒಬ್ರೂ ಇಲ್ದಿರೋ ದಾರೀಲಿ ಯಾಕಣ್ಣ ಹೋಗ್ತಾಳೆ ಮಗು?" ಅಂತ ಅವನಿಗೆ ನಿಜವಾಗ್ಲೂ ಬೇಜಾರಾಯ್ತು. ಇಲ್ಲೇ ಇರೋ ಸಖರಾಯಪಟ್ಟಣಕ್ಕೆ ಹೋದ್ರೂ ಅವನು ಮೂರು ಮನೇಲಿ ಮಜ್ಜಿಗೆ ಕುಡಿಯೋನು.

ಹಳೇ ಲಾರಿ ಡ್ರೈವರ್ ಒಬ್ಬ ನಕ್ಷೆ ಮೇಲೆ ಬಗ್ಗಿ ಕೇಳ್ದ. "ಲೇ, ಅಲ್ಲಿ ಎಡಗಡೆ ಹೋಗ್ಬೇಕಾ ಬಲಗಡೆನಾ?"

"ಎಡಗಡೆನೇ ಕಣಣ್ಣ. ನಮಗೆ ಕಲಿಸಿದ್ದೇ ಅವ್ರು."

ಅವನು ಸ್ಟೇಷನ್ ಮುಂದಿನ ರಸ್ತೆ ಕಡೆ ನೋಡ್ದ. ಒಂದು ಬಸ್ಸು, ಎರಡು ಆಟೋ, ಒಂದು ಟ್ರ್ಯಾಕ್ಟರು ಮುಖಕ್ಕೆ ಮುಖ ಕೊಟ್ಟು ನಿಂತಿದ್ವು.

"ಕಲಿಸಿದೋರಿಗೆ ಇದನ್ನ ಹೇಳ್ಬೇಡಿ. ನೊಂದ್ಕೋತಾರೆ."

4. ಕೋಳಿ

ದಾರಿ ಬರೆದಿದ್ದಾಯ್ತು. ಹೊಲ, ತೊರೆ, ಕಲ್ಲಿನ ಸೇತುವೆ, ಕುರಿ ಮೇಯೋ ಗುಡ್ಡ ಎಲ್ಲಾ ಬರೋ ಹಂಗೆ ಸುತ್ತು ಹಾಕಿದ್ವಿ. ಶನಿವಾರ ಮಗಳು ಓಡಿಸುವಾಗ ನಾನು ಫೋನಲ್ಲಿ ಜೊತೆಗೆ ಇರಬೇಕು ಅಂತ ಮಾತು. ನನಗೆ ಬರೀ ಬಾಯಲ್ಲಿ ಹೇಳೋಕೆ ಬರಲ್ಲ. ಕೈಕಾಲು ಆಡಿದ್ರೆ ಮಾತು ಬರುತ್ತೆ. ಹಂಗಾಗಿ ಶುಕ್ರವಾರ ಕಾರಿನ ಟಾರ್ಪಾಲು ತೆಗೆದೆ.

ಹಿಂದಿನ ಗಾಜು ಅರ್ಧ ಇಳಿದಿತ್ತು. ಒಳಗೆ ಪಕ್ಕದ ಮನೆ ಕೋಳಿ ಕೂತಿತ್ತು. ಅದರ ಕೆಳಗೆ ಒಂಬತ್ತು ಮೊಟ್ಟೆ.

ಮುಂದೆ ಎಡಗಡೆ ಸೀಟು ಇನ್ನೂ ಹಿಂದಕ್ಕೇ ಇತ್ತು. ನನ್ನಾಕೆಗೆ ಮಂಡಿ ನೋವು, ಕಾಲು ಚಾಚಬೇಕಿತ್ತು. ಅದನ್ನ ಹಂಗೇ ಬಿಟ್ಟು ಸ್ಟೇರಿಂಗ್ ಹಿಡಿದು ಕೂತೆ.

ಪಕ್ಕದ ಮನೆ ಹೆಂಗಸು ಓಡಿ ಬಂದ್ಲು. "ಅಯ್ಯೋ ಮುಂಡೇದೇ, ಇಲ್ಲಿದ್ಯಾ! ಮೊಟ್ಟೆ ಇಡೋದು ಬಿಟ್ಟೈತೆ ಅಂತ ನಾಳೆ ಸಾರಿಗೆ ಹಾಕೋಳಿದ್ದೆ." ಮೊಟ್ಟೆ ಎಲ್ಲಾ ಸೆರಗಿಗೆ ತುಂಬ್ಕೊಂಡ್ಲು. ಆಮೇಲೆ ನನ್ನ ನೋಡಿದ್ಲು. "ಎಲ್ಲಿಗೆ ಹೊರಟ್ರಿ ಅಣ್ಣ?"

"ಇಂಗ್ಲೆಂಡಿಗೆ."

"ಹೋಗ್ಬನ್ನಿ. ಗಾಜು ಮಾತ್ರ ಏರಿಸ್ಬೇಡಿ, ನಾಳೆನೂ ಇಡುತ್ತೆ."

5. ಹಾರನ್

ಶನಿವಾರ ಮಧ್ಯಾಹ್ನ ಎರಡೂವರೆಗೆ ಫೋನ್ ಬಂತು. ಅಲ್ಲಿ ಬೆಳಗ್ಗೆ ಹತ್ತು ಗಂಟೆ. ನಾನು ಕಾರೊಳಗೆ ಕೂತಿದ್ದೆ. ಸ್ಟ್ಯಾಂಡಿನ ಆಟೋದವನೂ ಬಂದು ಹಿಂದಿನ ಸೀಟಲ್ಲಿ ಕೂತಿದ್ದ.

"ದೊಡ್ಡಪ್ಪ, ಆಗ್ತಿಲ್ಲ. ವಾಪಸ್ ಹೋಗ್ಬಿಡ್ತೀನಿ. ಕೆಲಸ ಹೋದ್ರೆ ಹೋಗ್ಲಿ."

"ಕ್ಲಚ್ ಒತ್ತು. ಫಸ್ಟ್ ಗೇರ್. ನಿಧಾನ ಬಿಡು. ನಾನೂ ಬಿಡ್ತಿದೀನಿ ನೋಡು." ನಿಂತ ಕಾರಲ್ಲಿ ನಾನೂ ಕಾಲು ಎತ್ತಿದೆ. ಅಲ್ಲಿ ಕಾರು ಹೊರಡ್ತು.

ಹಳ್ಳಿ ರಸ್ತೆ ಬಲು ಸಣ್ಣದಂತೆ, ಎರಡೂ ಕಡೆ ಆಳೆತ್ತರದ ಬೇಲಿ. ಎದುರು ಬರೋದು ಕಾಣಲ್ಲ. ನಾನು ಕಲಿತಿದ್ದೆಲ್ಲಾ ಕೆಮ್ಮಣ್ಣುಗುಂಡಿ ಘಾಟಿಯಲ್ಲಿ. ಅಲ್ಲಿ ಒಂದೇ ಪಾಠ, ತಿರುವಲ್ಲಿ ಹಾರನ್. ಹಂಗಾಗಿ ದಾರಿ ಚೀಟಿಯಲ್ಲಿ ತಿರುವು ಬಂದಲ್ಲೆಲ್ಲಾ ಹಾರನ್ ಅಂತ ಬರೆದಿದ್ದೆ. ಅವಳು ಒಂದನ್ನೂ ಬಿಡದೆ ಹೊಡೆದಳು. ಗೇಟಿಗೂ ಹೊಡೆದಳು. ಕುರಿಗೂ ಹೊಡೆದಳು. ಹೊಡೀತಾ ಹೊಡೀತಾ ಅವಳ ದನಿಗೆ ಧೈರ್ಯ ಬಂತು.

ಒಂದು ಊರಿನೊಳಗೆ ಬಂದಾಗ ದನಿ ಇಳೀತು. "ದೊಡ್ಡಪ್ಪ, ಎಲ್ಲಾ ಮನೆ ಬಾಗಿಲೂ ತೆಗೀತಿದಾರೆ. ಇಲ್ಲಿ ಯಾರೂ ಹಾರನ್ ಹೊಡೆಯಲ್ಲ. ಹೊಡೆದ್ರೆ ಬೈದಂಗೆ."

"ಗಾಬರಿ ಬೇಡ ಕಣಮ್ಮ. ದಿಬ್ಬಣ ಅಂದ್ಕೋತಾರೆ."

"ಒಬ್ಬ ಅಜ್ಜಿ ಕೋಲು ಹಿಡ್ಕೊಂಡು ಬರ್ತಿದಾರೆ!"

ಮಗಳು ಕಾರು ನಿಲ್ಲಿಸಿ ಏನೋ ಹೇಳಿದ್ಲು. ಯಾರು ಹೊಡೆಯೋಕೆ ಹೇಳಿದ್ದು ಅಂತ ಅಜ್ಜಿ ಕೇಳಿರಬೇಕು, ಫೋನು ಅವರ ಕೈಗೆ ಹೋಯ್ತು. ಅಜ್ಜಿ ಮಾತು ಶುರು ಮಾಡಿದ್ರು. ನನಗೆ ಒಂದಕ್ಷರ ತಿಳೀಲಿಲ್ಲ. ಎಸ್ ಅಂದೆ. ಮತ್ತೆ ಏನೋ ಕೇಳಿದ್ರು. ಮತ್ತೆ ಎಸ್ ಅಂದೆ. ಒಂದ್ಸಲ ನಕ್ಕರು, ನಾನೂ ನಕ್ಕೆ. ಒಂದ್ಸಲ ದನಿ ತಗ್ಗಿಸಿದ್ರು, ನಾನೂ ತಗ್ಗಿಸಿದೆ. ಹತ್ತು ನಿಮಿಷ ಆಯ್ತು.

ಫೋನು ವಾಪಸ್ ಬಂತು. ಮಗಳು ನಗ್ತಾ ಅಳ್ತಿದ್ಲು.

"ದೊಡ್ಡಪ್ಪ, ಸೋಮವಾರ ನಾನು ಮೊದಲು ಪಟ್ಟಿ ಕಟ್ಟಬೇಕಾಗಿರೋದು ಇವ್ರ ಕಾಲಿಗೇ! ದಿನಾ ಹಿಂಗೇ ಹೊಡೀತಾಳಾ ಅಂತ ಕೇಳಿದ್ರು, ನೀವು ಎಸ್ ಅಂದ್ರಿ. ಹಂಗಾದ್ರೆ ಒಳ್ಳೇದಾಯ್ತು ಅಂದ್ರು. ಕುರ್ಚಿಯಿಂದ ಎದ್ದು ಬಾಗಿಲಿಗೆ ಬರೋಕೆ ಅವ್ರಿಗೆ ತುಂಬಾ ಹೊತ್ತು ಬೇಕಂತೆ. ತಿರುವಲ್ಲಿ ಹಾರನ್ ಕೇಳಿದ್ರೆ ಆಗ್ಲೇ ಎದ್ದು ಹೊರಡ್ತಾರಂತೆ. ಈಗ ಬರ್ತೀನಿ ದೊಡ್ಡಪ್ಪ, ಮುಂದಿನ ದಾರಿ ನಾನೇ ನೋಡ್ಕೋತೀನಿ."

ಫೋನು ಇಟ್ಟಳು. ನಾನು ಬ್ರೇಕಿನಿಂದ ಕಾಲು ತೆಗೆದೆ.

ಹಿಂದಿನಿಂದ ಆಟೋದವನು ಬಗ್ಗಿ ಕೇಳ್ದ. "ಅಲ್ಲಣ್ಣ, ಒಂದಕ್ಷರ ತಿಳೀದೆ ಹತ್ತು ನಿಮಿಷ ಹೆಂಗೆ ಮಾತಾಡ್ದೆ?"

"ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದೀನಿ ಕಣೋ," ಅಂದೆ. "ತಿಳೀಲಿ ಬಿಡ್ಲಿ, ಹೂಂ ಅಂದು ಅಭ್ಯಾಸ."