ವಿಷ ಹಾಕಿದ ಒಳ್ಳೆ ಹುಡುಗ

ನಮ್ಮತ್ತೆ ಇರೋ ಮನೇಲಿ ನಗೋಕೆ ಟೀವಿ ಬೇಕಾಗಲ್ಲ ಕಣ್ರೀ, ಏನಾದ್ರೊಂದು ನಡೀತಾನೇ ಇರುತ್ತೆ. ಅವರಿಗೂ ಅಜ್ಜಂಪುರದ ತಂಗಿಗೂ ಮಾತು ಬಿಟ್ಟು ಎಷ್ಟೋ ವರ್ಷ. ಕಾರಣ ಕೇಳಿದ್ರೆ ಇಬ್ಬರೂ ಬಾಯಿ ಬಿಡಲ್ಲ. ಈಗ ಆ ತಂಗಿ ಮಗಳ ಮದುವೆ. ಹುಡುಗಿಗೆ ಕದ್ದುಮುಚ್ಚಿ ರವಿಕೆ ಹೊಲಿದುಕೊಟ್ಟವಳು ನಾನೇ. ಅತ್ತೆ ಹೊರಡದೆ ನಾನು ಹೋಗೋ ಹಾಗಿಲ್ಲ, ಹೋಗದೆ ಇರೋಕೆ ನನಗೆ ಮನಸ್ಸಿಲ್ಲ.

೧. ರವಿಕೆ ಆಗಿಲ್ಲ

ಕಡೂರಲ್ಲಿ ನಮ್ಮ ಮನೆ ಮುಂದಿನ ಕೋಣೇಲೇ ನನ್ನ ಹೊಲಿಗೆ ಅಂಗಡಿ. ಬಿಡುವಿದ್ದಾಗ ಮೊಬೈಲಲ್ಲಿ ಕೊರಿಯಾದವರ ಕಾಮಿಕ್ಸ್ ಚಿತ್ರಕಥೆ ಓದ್ತೀನಿ, ವಾರಕ್ಕೊಂದು ಕಂತು. ಅದರ ಹುಡುಗ ಅಪ್ಪನ್ನ ಕೊಂದವರಿಗೆಲ್ಲ ಒಬ್ಬೊಬ್ಬರಿಗೇ ವಿಷ ಹಾಕ್ತಾನೆ. ಆದ್ರೆ ತನ್ನನ್ನ ಸಾಕಿದ ಕುರುಡಿ ಮುದುಕಿಗೆ ಉಣ್ಣಿಸದೆ ತಾನು ಉಣ್ಣಲ್ಲ. ಅತ್ತೆಗೆ ಹೇಳಿದ್ರೆ, "ಥೂ, ಇಂಥ ಪಾಪಿ ಕಥೆ ಓದ್ತೀಯಲ್ಲೇ!" ಅಂದ್ರು. ಮುಂದಿನ ವಾರ ಅವರೇ ಬಂದು, "ನಮ್ಮ ಹುಡುಗನ ಸಮಾಚಾರ ಏನೇ?" ಅಂತ ಕೂತ್ರು.

ತರೀಕೆರೆಯಿಂದ ಬಸ್ಸಲ್ಲಿ ಓಡಾಡೋ ಟೀಚರಮ್ಮ ರವಿಕೆಗೆ ಬಂದೋರು ಕಥೆ ಕೇಳಿ, "ಏನೇ ಆಗ್ಲಿ, ಕೊಲೆ ಕೊಲೆನೇ. ನೇಣು ಹಾಕ್ಬೇಕು" ಅಂದ್ಬಿಟ್ರು. ಅವರ ರವಿಕೆ ಇಸ್ತ್ರಿ ಆಗಿ ಗೋಡೇಲಿ ನೇತಾಡ್ತಿತ್ತು. ಅತ್ತೆ ಅದಕ್ಕೆ ಅಡ್ಡ ನಿಂತು, "ನಿಮ್ದು ಇನ್ನೂ ಆಗಿಲ್ಲ, ಮುಂದಿನ ವಾರ ಬನ್ನಿ" ಅಂದ್ರು.

೨. ಅರ್ಚನೆ

ಕಥೇಲಿ ಹುಡುಗ ಸಿಕ್ಕಿಬಿದ್ದ. ರಾಜ ನೇಣು ಅಂದ, ಕಂತು ಅಲ್ಲಿಗೇ ನಿಂತೋಯ್ತು. ಅತ್ತೆ ಮುದ್ದೆ ಅರ್ಧಕ್ಕೇ ಬಿಟ್ಟು ಎದ್ರು. ನನ್ನೂ ಎಳ್ಕೊಂಡು ದೇವಸ್ಥಾನಕ್ಕೆ ಹೋದ್ರು.

"ಯಾರ ಹೆಸರಿಗಮ್ಮ ಅರ್ಚನೆ?" ಪೂಜಾರಪ್ಪ ಕೇಳಿದ್ರು.

ಅತ್ತೆ ಬಾಯಿಗೆ ಕೊರಿಯಾದ ಹೆಸರು ಹತ್ತಲಿಲ್ಲ. "ನಮ್ಮ ಹುಡುಗ ಅನ್ನಿ."

"ಗೋತ್ರ?"

"ನಮ್ದೇ ಹಾಕಿ. ಪಾಪ, ತಬ್ಬಲಿ."

"ಏನು ಕಷ್ಟ ಅವನಿಗೆ?"

"ಒಳ್ಳೆ ಹುಡುಗ ಸ್ವಾಮಿ. ನಾಕಾರು ಜನಕ್ಕೆ ವಿಷ ಹಾಕಿದಾನೆ, ಅಷ್ಟೇ."

ಪೂಜಾರಪ್ಪ ಅವತ್ತು ನಮಗೆ ತೀರ್ಥಾನ ದೂರದಿಂದಲೇ ಕೊಟ್ರು.

೩. ಹೊಟ್ಟೇಲಿ ಹಾಕ್ಕೋಬೇಕು

ಮುಂದಿನ ಕಂತಲ್ಲಿ ಕುರುಡಿ ಮುದುಕಿ ರಾಜನ ಕಾಲಿಗೆ ಬಿದ್ಲು, ಹುಡುಗನ ಜೀವ ಉಳೀತು. ಅತ್ತೆ ಸೆರಗಲ್ಲಿ ಕಣ್ಣೊರೆಸ್ಕೊಂಡು, "ಮನುಷ್ಯ ಅಂದ್ಮೇಲೆ ತಪ್ಪು ಮಾಡ್ತಾನೆ ಕಣೇ. ನಾವು ಹೊಟ್ಟೇಲಿ ಹಾಕ್ಕೋಬೇಕು" ಅಂತ ಬೀದಿಗೆಲ್ಲ ಸಕ್ಕರೆ ಹಂಚಿದ್ರು.

ಇದಕ್ಕಿಂತ ಒಳ್ಳೆ ಗಳಿಗೆ ಇನ್ನೆಲ್ಲಿ ಸಿಗುತ್ತೆ? ನನಗೂ ಖುಷಿ ತಡೀಲಿಲ್ಲ, ಪಕ್ಕ ಹೋಗಿ ಕೂತೆ. "ಅತ್ತೆ, ಅಷ್ಟು ಜನಕ್ಕೆ ವಿಷ ಹಾಕಿದವನನ್ನೇ ಕ್ಷಮಿಸಿದ್ರಿ. ನಿಮ್ಮ ತಂಗೀದೂ ಹೊಟ್ಟೇಲಿ ಹಾಕ್ಕೊಳ್ಳಿ. ಅಜ್ಜಂಪುರದ ಮದುವೆಗೆ ಹೋಗ್ಬರೋಣ" ಅಂದೆ.

ಅತ್ತೆ ಸೆರಗು ಕೊಡವಿ ಎದ್ದೇಬಿಟ್ರು.

"ವಿಷ ಹಾಕ್ದ, ನಿಜ ಕಣೇ. ಬೀಗರ ಪಂಕ್ತೀಲಿ ಕೂತು ನನ್ನ ಹೋಳಿಗೆ ಗಟ್ಟಿ ಅಂದ್ನಾ?"