ಹವಳದ ದೀಪ ದೊಡ್ಡದು ಮಾಡಿದ್ದು

ದೀಪ ಹಾಕುವುದು, ದೀಪ ತೆಗೆಯುವುದು. ಇದರಲ್ಲಿ ಕಲಿಯುವುದೇನಿದೆ? ಬುದ್ಧಿ ಬಂದಾಗಿನಿಂದ ಮಾಡಿಕೊಂಡು ಬಂದ ಕೆಲಸ. ಹಾಗಾಗಿ ಮಗ ಪ್ರಸನ್ನ, "ಅಮ್ಮ, ನಾವು ಫ್ರೆಂಡ್ ಮದುವೆ ಮುಗಿಸ್ಕೊಂಡು ಬರೋವರೆಗೂ ಹವಳದ ತೊಟ್ಟಿ ದೀಪ ನೋಡ್ಕೊತೀಯಾ?" ಎಂದಾಗ ನನಗೆ ನಗುವೇ ಬಂತು.

ಈ ಹವಳದ ಬಗ್ಗೆ ಒಂದು ಮಾತು. ಮಗ ಹವಳ ತರುತ್ತೇನೆ ಎಂದಾಗ ನನ್ನ ಕತ್ತಿಗೆ ಎಂದುಕೊಂಡಿದ್ದೆ. ಬಂದದ್ದು ನೀರಿಗೆ! ಸರಸ್ವತಿಪುರಂನ ನಮ್ಮ ಮನೆಯ ಹಾಲಿನಲ್ಲಿ ಗಾಜಿನ ತೊಟ್ಟಿ, ಅದರ ತುಂಬ ಉಪ್ಪುನೀರು, ನೀರಿನಲ್ಲಿ ಮೆತ್ತಗೆ ಓಲಾಡುವ ಅಣಬೆಯಂಥವು, ಬೆರಳಿನಂಥವು. ಜೀವ ಇದೆಯಂತೆ. ಪೋಣಿಸಲೂ ಬರುವುದಿಲ್ಲ, ಹುಳಿಗೆ ಹಾಕಲೂ ಬರುವುದಿಲ್ಲ.

"ಹವಳದಲ್ಲೆಲ್ಲ ಇವು ಗಟ್ಟಿ ಜೀವ ಕಣಮ್ಮ," ಎಂದ ಮಗ. "ಸಾಧಾರಣ ಬೆಳಕು ಸಾಕು. ನಾಲ್ಕು ಟ್ಯೂಬ್‌ಲೈಟ್ ಇದೆ, ಎರಡೇ ಹಾಕು. ಮಿಕ್ಕಿದ್ದು ಮುಂದೆ ಜಾಸ್ತಿ ಬೆಳಕು ಬೇಕಾದ ಕಲ್ಲುಹವಳ ತಂದಾಗ. ಬೆಳಿಗ್ಗೆ ಹಾಕಿ ಸಂಜೆ ತೆಗೆದ್ಬುಡು. ಬೆಳಕೇ ಇಲ್ದಿದ್ರೆ ಸೊರಗ್ತವೆ, ಒಂದೇ ಸಲ ಜಾಸ್ತಿ ಆದ್ರೆ ಮುದುಡ್ಕೊತವೆ."

ಬಟ್ಟೆ ಮಡಿಸುತ್ತಿದ್ದ ಸೊಸೆ ಮಂಜುಳಾ, "ಅತ್ತೆಗ್ಯಾಕ್ರೀ ತೊಂದ್ರೆ?" ಎಂದಳು.

ಹೋದ ಬೇಸಿಗೆಯಲ್ಲಿ ಅವಳ ಕೈಯಲ್ಲಿ ತುಳಸಿಗಿಡ ಒಣಗಿತ್ತು. ಆ ಸುದ್ದಿಯನ್ನು ನಾನು ಬೋಗಾದಿಯ ನೆಂಟರವರೆಗೂ ಮುಟ್ಟಿಸಿದ್ದೆ.

"ನನ್ ಕೈಲಿ ಏನೂ ಒಣಗಲ್ಲ ಕಣಮ್ಮ," ಎಂದೆ.

"ಒಣಗಿದ್ರೆ?"

"ಒಣಗಿದ್ರೆ ಇನ್ಮೇಲೆ ತುಳಸಿ ಮಾತೇ ಎತ್ತಲ್ಲ!"

ಒಪ್ಪಂದವಾಯಿತು. ಸಾಕ್ಷಿ, ಪೇಪರ್ ಓದುತ್ತಿದ್ದ ನಮ್ಮ ಯಜಮಾನರು.

ಅವರಿಬ್ಬರು ಹೋದ ಮೇಲೆ ಎಲ್ಲ ಸುಸೂತ್ರವಾಗಿಯೇ ನಡೆಯಿತು. ಹವಳಗಳು ಓಲಾಡಿದವು, ನಾನು ಬೀಗಿದೆ. ಶುಕ್ರವಾರ ಯಾದವಗಿರಿಯ ತಂಗಿ ಮನೆಯಲ್ಲಿ ಸೀಮಂತ. ನಾನೂ ಯಜಮಾನರೂ ಹೊರಟೆವು, ರಾತ್ರಿ ಅಲ್ಲೇ ತಂಗುವುದೆಂದು. ಮಹಡಿ ಮೇಲೆ ಬಾಡಿಗೆಗಿದ್ದ ವಿದ್ಯಾಳನ್ನು ಕರೆದೆ. ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ. ಅವಳ ಕಡೆಯವರು ಧಾರವಾಡದವರು, ಅವಳು ಹುಟ್ಟಿ ಬೆಳೆದದ್ದು ಮುಂಬೈಯಲ್ಲಿ.

"ಬೀಗದ ಕೈ ತಗೊಮ್ಮ. ಸಂಜೆ ಆ ಹವಳದ ದೀಪ ದೊಡ್ಡದು ಮಾಡ್ಬುಡು, ಮರೀಬೇಡ."

"ಆತ್ರೀ ಅಜ್ಜಿ, ಮರೆಯಂಗಿಲ್ಲ!"

ಮರೆಯಲಿಲ್ಲ. ಅದೇ ತೊಂದರೆಯಾದದ್ದು.

ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದರೆ ಹಾಲಿನೊಳಗೇ ಸೂರ್ಯ ಹುಟ್ಟಿದ್ದಾನೆ! ನಾಲ್ಕಕ್ಕೆ ನಾಲ್ಕೂ ಟ್ಯೂಬ್‌ಲೈಟ್ ಉರಿಯುತ್ತಿವೆ. ಸಾಲದ್ದಕ್ಕೆ ತೊಟ್ಟಿಯ ಪಕ್ಕ ಒಂದು ಟೇಬಲ್ ಲ್ಯಾಂಪು, ಗಾಜಿಗೆ ಮೂತಿ ಒತ್ತಿಕೊಂಡು. ಅಣಬೆ ಹಿಂಡಿದ ಒರೆಸುಬಟ್ಟೆಯಂತಾಗಿತ್ತು. ಬೆರಳುಗಳೆಲ್ಲ ಮುಷ್ಟಿ ಕಟ್ಟಿದ್ದವು.

"ವಿದ್ಯಾ! ಏನಮ್ಮ ಇದು?"

"ನೀವ ಹೇಳಿದ್ರೆಲ್ರೀ ಅಜ್ಜಿ, ದೊಡ್ಡದ ಮಾಡು ಅಂತ! ಇದ್ದದ್ದೆಲ್ಲಾ ಹಾಕಿದೆ. ಸಾಲಂಗಿಲ್ಲೇನೋ ಅಂತ ನನ್ನ ಲ್ಯಾಂಪೂ ತಂದಿಟ್ಟೆ. ಇನ್ನೂ ದೊಡ್ಡದ ಮಾಡಬೇಕಿತ್ತೇನ್ರೀ?"

"ಅಯ್ಯೋ, ಆರಿಸು ಅಂತ ಕಣೇ ಅದರರ್ಥ!"

"ಮತ್ತ ಆರಿಸು ಅಂತನ ಹೇಳ್ಬೇಕಿಲ್ರೀ?"

ಹೇಗೆ ಹೇಳಲಿ? ದೀಪ ಆರಿಸು ಎನ್ನುವುದು ಅಪಶಕುನ. ನಮ್ಮ ಮನೆಯಲ್ಲಿ ದೀಪ ಆರುವುದೇ ಇಲ್ಲ, ದೊಡ್ಡದಾಗುತ್ತದೆ ಅಷ್ಟೆ. ಅದರ ಮೇಲೆ ನಿನ್ನೆ ಶುಕ್ರವಾರ ಬೇರೆ! ನನ್ನ ಬಾಯಿ ಶುದ್ಧವಾಗಿ ಉಳಿಯಿತು. ಹವಳ ಸುಟ್ಟಿತು.

ಎಲ್ಲ ಸ್ವಿಚ್ಚು ತೆಗೆದು ಪರೀಕ್ಷೆ ಮಾಡಿದೆ. ಉಷ್ಣ ಆಗಿದೆ ಎಂದು ತೀರ್ಮಾನಿಸಿದೆ. ಉಷ್ಣಕ್ಕೆ ಮದ್ದು ಗೊತ್ತಿಲ್ಲದವಳೇ ನಾನು? ಒಳಗಿನಿಂದ ಒಂದು ಲೋಟ ನೀರುಮಜ್ಜಿಗೆ ತಂದು ಇನ್ನೇನು ತೊಟ್ಟಿಗೆ ಬಗ್ಗಿಸಬೇಕು, ಯಜಮಾನರು ಕೈ ಹಿಡಿದರು.

"ಏನೇ ಇದು?"

"ತಂಪಿಗೆ ಕಣ್ರೀ."

"ಇಂಗು ಹಾಕಿದೀಯಾ?"

"ಒಂಚೂರು."

"ಹಂಗಾದ್ರೆ ಇಲ್ಲಿ ಕೊಡು," ಎಂದು ಅವರೇ ಕುಡಿದುಬಿಟ್ಟರು.

ಹವಳ ಆ ಮಟ್ಟಿಗೆ ಬಚಾವಾಯಿತು. ಆದರೆ ನಾನು ಸುಮ್ಮನಿರುವವಳಲ್ಲ. ರಾತ್ರಿಯೆಲ್ಲ ನಿದ್ದೆ ಕೆಟ್ಟಿದೆ, ಹಗಲಾದರೂ ಮಲಗಲಿ ಎಂದು ತೊಟ್ಟಿಗೆ ಕಂಬಳಿ ಹೊದಿಸಿದೆ. ನಾಲ್ಕು ಮೂಲೆಯನ್ನೂ ಚೆನ್ನಾಗಿ ಸಿಕ್ಕಿಸಿದೆ. ಮಧ್ಯಾಹ್ನ ಮಗ ಸೊಸೆ ಬಂದೇಬಿಟ್ಟರು.

"ಅಮ್ಮ, ತೊಟ್ಟಿಗೇನು ಜ್ವರ ಬಂದಿದ್ಯಾ?"

ನಡೆದದ್ದನ್ನು ಹೇಳಿದೆ. ಮಗ ನಕ್ಕೂ ನಕ್ಕೂ ನೆಲದ ಮೇಲೆ ಕೂತ. "ಗಟ್ಟಿ ಜೀವ ಅಂದಿದ್ನಲ್ಲಮ್ಮ! ದಿನಾ ಎರಡು ಟ್ಯೂಬ್‌ಲೈಟ್ ಹಾಕಿ, ಏನೂ ಮಾಡ್ದೆ ಇರು. ಅದೇ ಔಷಧಿ."

ಏನೂ ಮಾಡದೆ ಇರುವುದು! ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಯಾರೂ ಹೇಳಿರಲಿಲ್ಲ. ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು, ಕೈ ಕಟ್ಟಿಕೊಂಡು ಕಾದೆ. ಕೊನೆಗೊಂದು ಬೆಳಿಗ್ಗೆ ಅಣಬೆ ತೆಳ್ಳನೆಯ ಸಿಪ್ಪೆ ಕಳಚಿ ಕೊಡೆಯಂತೆ ಬಿಚ್ಚಿಕೊಂಡಿತು. ಬೆರಳುಗಳೂ ಮುಷ್ಟಿ ಬಿಟ್ಟವು. ಮನೆಯವರನ್ನೆಲ್ಲ ಕೂಗಿ ಕರೆದೆ.

ಸೊಸೆ ಹತ್ತಿರ ಬಂದು ನೋಡಿದಳು. "ಒಣಗಿಲ್ಲ ಅತ್ತೆ. ನೀವೇ ಗೆದ್ರಿ. ತುಳಸಿ ಮಾತು ಎತ್ತಬೋದು, ಎತ್ತಿ."

ಗೆದ್ದವಳು ಬಿಡುತ್ತೇನೆಯೇ! ಗಂಟಲು ಸರಿಮಾಡಿಕೊಂಡು ಬಾಯಿ ತೆರೆದೆ.

ಪೇಪರಿನ ಹಿಂದಿನಿಂದ ಯಜಮಾನರ ದನಿ ಬಂತು. "ಸಾಕು ಕಣೇ. ಬಾಯಿ ದೊಡ್ಡದು ಮಾಡು."

ಈ ಸಲ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ದೊಡ್ಡದು ಮಾಡಿದೆ. ತುಟಿ ಎರಡೂ ಕೂಡಿಕೊಂಡವು.