ಜೈಲು ಬಾಗಿಲಿನಿಂದ ಹನ್ನೆರಡು ಹೆಜ್ಜೆ

ಬೀಜಾಡಿ, ನವೆಂಬರ್ ೧೯೪೩

ಯುದ್ಧಕಾಲದ ಬಂಧನಾಜ್ಞೆಗಳಿಗೆ ರುಜು ಹಾಕುವ ವಿಶೇಷಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ತಮ್ಮ ಆರೋಗ್ಯ, ತಮ್ಮ ಲೇಖನಿಯ ಆರೋಗ್ಯ, ಅದಕ್ಕಿಂತ ಮುಖ್ಯವಾಗಿ ತಮ್ಮ ದುರ್ಬೀನಿನ ಆರೋಗ್ಯ ಚೆನ್ನಾಗಿದೆಯೆಂದು ನಂಬಿ, ಬೀಜಾಡಿ ಕಡಲತಡಿಯ ಸಮಸ್ತರ ಪರವಾಗಿ ಸಾವಿರ ವಂದನೆಗಳನ್ನು ಅರ್ಪಿಸುತ್ತೇನೆ. ಗುಟ್ಟಾಗಿ ಬರೆದರೆ ಗೂಢಚಾರನೆಂದು ತಿಳಿದೀರೆಂಬ ಅಂಜಿಕೆಯಿಂದ ಈ ಪತ್ರವನ್ನು ಬಹಿರಂಗವಾಗಿಯೇ ಬರೆದಿದ್ದೇನೆ.

ಕಡಲಿಗೆ ಬಲೆ ಬಿಟ್ಟು ದಡದಿಂದ ಎಳೆಯುವ ನಮ್ಮ ರಂಪಣಿಯವರಲ್ಲಿ, ತಾವು ಹಿಡಿಸಿರುವ ಭೋಜ ಎಂಬವನ ಕಸುಬು ಏನೆಂದು ತಮಗೆ ಯಾರೂ ಹೇಳಿದಂತಿಲ್ಲ. ಬೆಳಿಗ್ಗೆ ಮರಳದಿಬ್ಬದ ಮೇಲೆ ನಿಂತು, ನೀರು ಎಲ್ಲಿ ಕಪ್ಪಾಯಿತೆಂದು ನೋಡಿ, ಬಂಗುಡೆ ಮೀನಿನ ಹಿಂಡು ಅಲ್ಲಿದೆಯೆಂದು ದೋಣಿಯವರಿಗೆ ಪಂಚೆ ಬೀಸಿ ತೋರಿಸುವವನು ಅವನು. ಎಡಕ್ಕೆ ಬೀಸಿದರೆ ದೋಣಿ ತೆಂಕಕ್ಕೆ, ಬಲಕ್ಕೆ ಬೀಸಿದರೆ ಬಡಗಕ್ಕೆ, ತಲೆಯ ಮೇಲೆ ತಿರುಗಿಸಿದರೆ ಬಲೆ ಬಿಡಬೇಕು. ಸೆಪ್ಟೆಂಬರಿನಲ್ಲಿ ತಾವು ಇದನ್ನು ದುರ್ಬೀನಿನಲ್ಲಿ ಕಂಡು, ಜಪಾನಿನ ಹಡಗಿಗೆ ಮಾಡಿದ ಸಂಕೇತವೆಂದು ತೀರ್ಮಾನಿಸಿ ಅವನನ್ನು ಒಳಗೆ ಹಾಕಿಸಿದಿರಿ. ಒಂದು ನೌಕಾಪಡೆಯನ್ನೇ ಕರೆಯುವ ಶಕ್ತಿ ಆ ಪಂಚೆಗಿದೆಯೆಂದು ಅದನ್ನು ವಾರಕ್ಕೆರಡು ಸಲ ಕಲ್ಲಿಗೆ ಬಡಿದು ಒಗೆಯುವ ಅವನ ಹೆಂಡತಿ ಪದ್ದುವಿಗೇ ತಿಳಿದಿರಲಿಲ್ಲ. "ಹ್ವಾಯ್, ಬಂಗ್ಡಿ ಬಂದದ್ ಹೇಳೂಕೂ ಸರ್ಕಾರದ್ ಅಪ್ಪಣೆ ಬೇಕಾ?" ಎಂದು ಅವಳು ತಮ್ಮ ಕಚೇರಿಯ ಮೆಟ್ಟಿಲಲ್ಲಿ ಕೇಳಿದ್ದಕ್ಕೆ ಒಳಗಿನಿಂದ ಪಂಖದ ಗಾಳಿ ಬಂತು.

ತಮ್ಮ ಆಜ್ಞೆಯಲ್ಲಿ ಕಾರಾಗೃಹವಿತ್ತು, ಕಾರಣವಿರಲಿಲ್ಲ. ಆದರೆ ಒಳಗಿದ್ದವನ ಪರವಾಗಿ ಹೊರಗಿನವರು ಯಾರಾದರೂ, ಇವನನ್ನು ಯಾವ ಕಾನೂನಿನಂತೆ ಹಿಡಿದಿದ್ದೀರಿ, ಕರೆತಂದು ಹೇಳಿ ಎಂದು ಹೈಕೋರ್ಟಿನಲ್ಲಿ ಕೇಳಬಹುದೆಂಬ ಒಂದು ಹಕ್ಕು ಈ ಯುದ್ಧದಲ್ಲಿಯೂ ಹೇಗೋ ತಮ್ಮ ಕಣ್ಣಿಗೆ ಬೀಳದೆ ಉಳಿದಿದೆಯಷ್ಟೆ. ನಾನು ಅರ್ಜಿ ಬರೆದೆ, ಪದ್ದು ಹೆಬ್ಬೆಟ್ಟು ಒತ್ತಿದಳು. ಮದರಾಸಿನಿಂದ ತಮಗೆ ನೋಟೀಸು ಬಂತು.

ಇಲ್ಲಿಂದ ಮುಂದೆ ತಮ್ಮ ಪ್ರತಿಭೆಯನ್ನು ಹೊಗಳಲು ನನ್ನ ಕಾಲೇಜಿನ ಕನ್ನಡ ಸಾಲದು. ವಿಚಾರಣೆಯ ದಿನ ಬೆಳಿಗ್ಗೆ ತಾವು ಭೋಜನನ್ನು ಬಿಟ್ಟಿರಿ. ಹನ್ನೊಂದು ಗಂಟೆಗೆ ಮದರಾಸಿನಲ್ಲಿ ತಮ್ಮ ವಕೀಲರು, ಸ್ವಾಮೀ, ಮನುಷ್ಯನನ್ನು ಬಿಟ್ಟಾಗಿದೆ ಎಂದು ಸತ್ಯವನ್ನೇ ನುಡಿದರು, ಅರ್ಜಿ ಮುಗಿಯಿತು. ಅಷ್ಟರಲ್ಲಿ ಇಲ್ಲಿ ಭೋಜ ಜೈಲಿನ ಬಾಗಿಲು ದಾಟಿ ಹನ್ನೆರಡು ಹೆಜ್ಜೆ ನಡೆದಿದ್ದ, ಹದಿಮೂರನೆಯದನ್ನು ಇಡುವ ಮೊದಲೇ ತಮ್ಮ ಹೊಸ ಆಜ್ಞೆ ಅವನ ರಟ್ಟೆ ಹಿಡಿದಿತ್ತು. ಎದುರಿಗೇ ನಿಂತಿದ್ದ ಪದ್ದು "ಎಂತಕ್ ಬಿಟ್ಟದ್ ಹ್ವಾಯ್? ಮತ್ತ್ ಹಿಡೂಕಾ?" ಎಂದು ಕೂಗಿದಳು. ಪೇದೆ ಗಣಪ ನೆಲ ನೋಡುತ್ತಾ, "ನಂಗೂ ಗೊತ್ತಿಲ್ಲೆ ಅಕ್ಕಾ, ಕಾಗ್ದ ಕೊಟ್ರ್, ತಂದೆ" ಎಂದ. ತಮ್ಮ ಇಲಾಖೆಯಲ್ಲಿ ಇಷ್ಟು ಪ್ರಾಮಾಣಿಕವಾದ ಹೇಳಿಕೆ ಬೇರೆ ಇದ್ದರೆ ತೋರಿಸಬೇಕು.

ಆದಕಾರಣ ವಿನಯದಿಂದ ಬೇಡುವುದೇನೆಂದರೆ, ಭೋಜನು ಸ್ವತಂತ್ರ ಪ್ರಜೆಯಾಗಿರುವುದು ಆ ಹನ್ನೆರಡು ಹೆಜ್ಜೆಗಳಲ್ಲಿ ಮಾತ್ರವಾದ್ದರಿಂದ, ಮದರಾಸಿನ ಹೈಕೋರ್ಟನ್ನು ಕುರ್ಚಿ ಮೇಜು ಸಮೇತ ಅಲ್ಲಿಗೇ ತರಿಸಿಕೊಡಬೇಕು. ಅದು ತಡವಾಗುವುದಾದರೆ, ಬಂಗುಡೆಗಳು ಬರುವ ಹಿಂದಿನ ದಿನವೇ ಠಾಣೆಗೆ ಬಂದು ವರದಿ ಮಾಡಿಕೊಳ್ಳುವಂತೆ ಅಪ್ಪಣೆಯಾಗಬೇಕು. ಎರಡೂ ಆಗದಿದ್ದರೆ ತಾವೇ ದುರ್ಬೀನು ಹಿಡಿದು ದಿಬ್ಬ ಹತ್ತಿ ಪಂಚೆ ಬೀಸಿರಿ. ಭೋಜನಿಲ್ಲದೆ ಎರಡು ತಿಂಗಳಿಂದ ನಮ್ಮ ಬಲೆಗೆ ಬೀಳುತ್ತಿರುವುದು ಅಂಬಲಿಯಂಥ ಲೋಳೆಮೀನು ಮಾತ್ರ. ಪದ್ದುವಿನ ಮನೆಯಲ್ಲಿ ಅಷ್ಟು ಗಟ್ಟಿಯಾದ ಅಂಬಲಿಯೂ ಇಲ್ಲ.

ಈ ಕ್ಷಣದವರೆಗೂ ಬಂಧನವಾಗದೆ ಉಳಿದಿರುವ
ತಮ್ಮ ವಿಶ್ವಾಸಿ,
ಲೀಲಾಧರ

ತಾ.ಕ.: ಎರಡನೆಯ ಅರ್ಜಿ ಮೊನ್ನೆಯೇ ಮದರಾಸಿಗೆ ಹೋಗಿದೆ, ಈ ಸಲ ಹೆಜ್ಜೆಗಳ ಲೆಕ್ಕವನ್ನೂ ಬರೆದಿದ್ದೇವೆ. ವಿಚಾರಣೆಯ ದಿನ ಮತ್ತೆ ಬಿಡುವ ಮನಸ್ಸಾದರೆ ಬೇಗ ತಿಳಿಸುವುದು. ಬಾಗಿಲ ಹೊರಗೆ ರಂಪಣಿ ಎಳೆಯುವ ಎಂಬತ್ತು ಜನ ನಿಂತಿರುತ್ತಾರೆ, ಭೋಜನ ಒಂದು ಕೈ ತಮ್ಮವರು ಹಿಡಿದರೆ ಇನ್ನೊಂದನ್ನು ಹಿಡಿಯಲು. ಎಳೆಯುವ ಕೆಲಸ ಅವರಿಗೆ ಯಾರೂ ಕಲಿಸಬೇಕಾಗಿಲ್ಲ.